ಚಾದರ ಜಾರೋದು ಬುಡದಿಂದ: ಕ್ಯಾರವಾನ್‌ನ ಕಿರಿದಾದ ಮಂಚಕ್ಕೆ ಹಾಸಿಗೆ ಹಾಕುವ ಕ್ರಮ

ಈಸ್ಟರ್ ರಜೆಯಲ್ಲಿ ನಾವು ಮೊದಲ ಸಲ ಕ್ಯಾರವಾನ್ ತಗೊಂಡು ಉತ್ತರ ವೇಲ್ಸ್‌ನ ಕಡಲ ತೀರಕ್ಕೆ ಹೋಗಿದ್ದೆವು. ಧಾರವಾಡದಿಂದ ಬಂದಿದ್ದ ಅವ್ವನೂ ಜೊತೆಗಿದ್ದಳು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ನೋಡಿದರೆ ಅವ್ವ ಎದ್ದು ಕೂತಿದ್ದಾಳೆ. ಹೊದಿಕೆ ನೆಲದ ಮೇಲಿದೆ, ಹಾಸಿದ ಚಾದರ, ಅಂದರೆ ಬೆಡ್‌ಶೀಟ್, ಮುದ್ದೆಯಾಗಿ ಕಾಲ ಬಳಿ ಸೇರಿದೆ, ಅವಳು ಬರೀ ಸೋಫಾ ಬಟ್ಟೆಯ ಮೇಲೆ ಶಾಲು ಸುತ್ತಿಕೊಂಡು ನಡುಗುತ್ತಿದ್ದಾಳೆ. ನಮ್ಮ ನಿದ್ದೆ ಕೆಡಬಾರದು ಅಂತ ಯಾರನ್ನೂ ಎಬ್ಬಿಸಿರಲಿಲ್ಲ. ನನಗೆ ಆ ರಾತ್ರಿ ಮತ್ತೆ ನಿದ್ದೆ ಬರಲಿಲ್ಲ.

ಬೆಳಗ್ಗೆ ಅವ್ವನೇ ಹಾಸಿಗೆ ಪೂರ್ತಿ ಎತ್ತಿ, ಕೆಳಗಿನ ಹಲಗೆಯವರೆಗೂ ಕೈಯಾಡಿಸಿ ನೋಡಿ, "ಚಾದರ ಜಾರೂದು ಮ್ಯಾಲಿಂದ ಅಲ್ಲವಾ, ಬುಡದಿಂದ" ಅಂದಳು. ನಾನು ಅಲ್ಲಿಯವರೆಗೆ ಮೇಲಿನ ಬೆಡ್‌ಶೀಟನ್ನೇ ಎಳೆದು ಎಳೆದು ಸಿಕ್ಕಿಸುತ್ತಿದ್ದೆ. ಅವತ್ತಿನಿಂದ ಪ್ರತಿ ರಜೆಯಲ್ಲೂ ಈ ಒಂದು ಮಾತು ಹಿಡಿದೇ ಹಾಸಿಗೆ ಹಾಕುತ್ತಿದ್ದೇನೆ. ಈಗ ರಾತ್ರಿ ಯಾರೂ ಏಳುವುದಿಲ್ಲ.

ಕ್ಯಾರವಾನ್ ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ. ಬ್ರಿಟನ್ನಿನಲ್ಲಿರುವ ನಮ್ಮಂಥ ಕುಟುಂಬಗಳಿಗೆ, ಅದರಲ್ಲೂ ಊರಿಂದ ಅಪ್ಪ ಅಮ್ಮ ಬಂದಾಗ, ಇದು ಬಹಳ ಒಳ್ಳೆಯ ವ್ಯವಸ್ಥೆ. ಅಡುಗೆ ನಮ್ಮದೇ, ಅವರು ದಣಿದರೆ ಅಲ್ಲೇ ಮಲಗಬಹುದು. ಮಲಗುವ ಜಾಗ ಮಾತ್ರ ತೀರಾ ಕಿರಿದು. ಆ ಕಿರಿದು ಜಾಗದಲ್ಲಿ ಹಿರಿಯರು ಬೆಚ್ಚಗೆ ಮಲಗಬೇಕು ಅಂದರೆ ಏನು ಮಾಡಬೇಕು ಅನ್ನುವುದನ್ನು ಕೆಳಗಿನಿಂದ ಮೇಲಕ್ಕೆ ಹೇಳುತ್ತಾ ಹೋಗುತ್ತೇನೆ.

ಮೊದಲು ಟೇಪ್ ಹಿಡಿಯಿರಿ

ಇಲ್ಲಿ ಮನೆಯಲ್ಲಿ ಬಳಸುವ ಸಿಂಗಲ್ ಹಾಸಿಗೆಯ ಅಳತೆ 90 × 190 ಸೆಂ.ಮೀ. ಅಂಗಡಿಯಲ್ಲಿ ಸಿಗುವ ಸಿಂಗಲ್ ಫಿಟೆಡ್ ಶೀಟ್, ಅಂದರೆ ಮೂಲೆಗಳಿಗೆ ಎಲಾಸ್ಟಿಕ್ ಇರುವ ಬೆಡ್‌ಶೀಟ್, ಆ ಅಳತೆಗೇ ಹೊಲಿದದ್ದು. ನಮ್ಮ ಕ್ಯಾರವಾನ್‌ನ ಸೋಫಾ ಮಂಚ 70 ಸೆಂ.ಮೀ. ಅಗಲ, ಮಗಳು ಮಲಗುವ ಬಂಕ್ 60 ಸೆಂ.ಮೀ. ನಮ್ಮ ರೈಲಿನ ಸ್ಲೀಪರ್ ಬರ್ತ್ ನೆನಪಿಸಿಕೊಳ್ಳಿ, ಹೆಚ್ಚು ಕಡಿಮೆ ಅಷ್ಟೇ. 90ರ ಶೀಟನ್ನು 70ರ ಹಾಸಿಗೆಗೆ ಹಾಕಿದರೆ 20 ಸೆಂ.ಮೀ. ಬಟ್ಟೆ ಹೆಚ್ಚಾಗಿ ಉಳಿಯುತ್ತದೆ. ಎಲಾಸ್ಟಿಕ್‌ಗೆ ಎಳೆದು ಹಿಡಿಯಲು ಏನೂ ಇರುವುದಿಲ್ಲ. ಅವ್ವ ಹೊರಳಾಡಿದ್ದಕ್ಕೆ ಶೀಟ್ ಜಾರಿತು ಅಂತ ನಾನು ಅಂದುಕೊಂಡಿದ್ದೆ, ಅದು ತಪ್ಪು, ಆ ಶೀಟ್ ಯಾರು ಮಲಗಿದ್ದರೂ ಜಾರುತ್ತಿತ್ತು.

ದಿಂಬಿನದೂ ಇದೇ ಕತೆ. ಇಲ್ಲಿನ ಸಾಮಾನ್ಯ ದಿಂಬು 50 × 75 ಸೆಂ.ಮೀ., ಅಂದರೆ ಮಂಚದ ಅಗಲಕ್ಕಿಂತ ದಿಂಬೇ ಉದ್ದ! ಸಿಂಗಲ್ ಡುವೆ, ಅಂದರೆ ಇಲ್ಲಿ ಎಲ್ಲರೂ ಹೊದೆಯುವ ಮೆತ್ತನೆಯ ದಪ್ಪ ಹೊದಿಕೆ, 135 × 200 ಸೆಂ.ಮೀ. ಹಾಗಾಗಿ ಹೊರಡುವ ಮೊದಲೇ ಪ್ರತಿ ಮಂಚದ ಉದ್ದ, ಅಗಲ, ಮೆತ್ತೆಯ ದಪ್ಪ ಮೂರನ್ನೂ ಅಳೆದು ಬರೆದಿಡಿ. ಕೆಲವು ಮಂಚಗಳ ಒಂದು ಮೂಲೆ ಕತ್ತರಿಸಿದಂತೆ ಓರೆಯಾಗಿರುತ್ತದೆ, ಅದನ್ನೂ ಗುರುತು ಮಾಡಿಕೊಳ್ಳಿ. ಬಾಡಿಗೆಗೆ ತಗೊಳ್ಳುತ್ತಿದ್ದರೆ ಮಾಲೀಕರನ್ನು "ಮಂಚ ಎಷ್ಟು ಸೆಂಟಿಮೀಟರ್ ಅಗಲ?" ಅಂತಲೇ ಕೇಳಿ. ಬರೀ "ಸಿಂಗಲ್" ಅಂತ ಹೇಳಿದರೆ ನಂಬಿಕೊಂಡು ಕೂರಬೇಡಿ.

ಗಾಡಿ ಮಟ್ಟವಾಗಿ ನಿಂತಿದೆಯಾ?

ಹಾಸಿಗೆ ವಿಷಯಕ್ಕೆ ಇದೇಕೆ ಅನ್ನಿಸಬಹುದು. ಆದರೆ ಬುಡ ಅಂದರೆ ಇಲ್ಲಿಂದಲೇ ಶುರು. ಹುಲ್ಲಿನ ಮೈದಾನದಲ್ಲಿ ಗಾಡಿ ಒಂದು ಕಡೆಗೆ ಸ್ವಲ್ಪ ವಾಲಿ ನಿಂತರೂ ಸಾಕು, ರಾತ್ರಿಯೆಲ್ಲಾ ಮೈ, ಚಾದರ, ಹೊದಿಕೆ ಎಲ್ಲವೂ ಅದೇ ಕಡೆಗೆ ಇಷ್ಟಿಷ್ಟೇ ಸರಿಯುತ್ತವೆ. ಸ್ಪಿರಿಟ್ ಲೆವೆಲ್ ಒಂದನ್ನು ನೆಲದ ಮೇಲಿಡಿ, ಊರಲ್ಲಿ ಗಾರೆ ಕೆಲಸದವರು ರಸಮಟ್ಟ ಅನ್ನುತ್ತಾರಲ್ಲ, ಅದೇ. ಮೊದಲು ಎಡ ಬಲ ಸರಿ ಮಾಡಬೇಕು. ತಗ್ಗಿನ ಕಡೆಯ ಚಕ್ರವನ್ನು ಓರೆಯಾದ ಪ್ಲಾಸ್ಟಿಕ್ ರ‍್ಯಾಂಪ್ ಮೇಲೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಕೊಡಿ. ಆಮೇಲೆ ಮುಂದಿನ ಪುಟ್ಟ ಚಕ್ರವನ್ನು, ಇಲ್ಲಿ ಜಾಕಿ ವೀಲ್ ಅನ್ನುತ್ತಾರೆ, ತಿರುಗಿಸಿ ಮುಂದೆ ಹಿಂದೆ ಸರಿ ಮಾಡಿ. ನಾಲ್ಕು ಮೂಲೆಯ ಊರುಗೋಲುಗಳನ್ನು ಕೊನೆಯಲ್ಲಿ ಇಳಿಸಿ. ಅವು ಗಾಡಿ ಅಲುಗದಂತೆ ತಡೆಯುವುದಕ್ಕೆ ಮಾತ್ರ, ಎತ್ತುವುದಕ್ಕಲ್ಲ. ಅವುಗಳಿಂದಲೇ ಗಾಡಿ ಎತ್ತಲು ಹೋದರೆ ಕೆಳಗಿನ ಚೌಕಟ್ಟಿಗೇ ಪೆಟ್ಟು.

ಮೆತ್ತೆಯ ಕೆಳಗೆ

ಹಗಲು ಸೋಫಾ, ರಾತ್ರಿ ಮಂಚ. ಹೀಗಿರುವ ಮೆತ್ತೆಗಳ ಮುಂಭಾಗದಲ್ಲಿ ಮೊಣಕಾಲು ಮಡಚುವ ಜಾಗಕ್ಕೆ ಒಂದು ಉಬ್ಬು ಇರುತ್ತದೆ. ಕೂರುವುದಕ್ಕೆ ಅದು ಹಿತ, ಮಲಗುವುದಕ್ಕೆ ಕಷ್ಟ, ಏಕೆಂದರೆ ಆ ಉಬ್ಬಿನಿಂದ ಮೆತ್ತೆ ಓರೆಯಾಗಿ ಚಾದರ ಗೋಡೆಯ ಕಡೆಗೆ ಜಾರುತ್ತದೆ. ರಾತ್ರಿ ಮೆತ್ತೆಯನ್ನು ಮಗುಚಿ ಹಾಕಿ ನೋಡಿ. ಬಹಳ ಮೆತ್ತೆಗಳ ಅಡಿಭಾಗ ಚಪ್ಪಟೆಯಾಗಿಯೇ ಇರುತ್ತದೆ. ಮಗುಚುವಾಗ ಉಬ್ಬಿನ ಅಂಚು ಗೋಡೆ ಕಡೆಗೆ ಬರುವಂತೆ ಇಡಿ.

ಮೆತ್ತೆಯೇ ಹಲಗೆಯ ಮೇಲೆ ಸರಿಯುತ್ತಿದ್ದರೆ ಮೇಲೆ ಏನು ಮಾಡಿದರೂ ವ್ಯರ್ಥ. ಅಡುಗೆಮನೆಯ ಡ್ರಾಯರಿನಲ್ಲಿ ಪಾತ್ರೆ ಸರಿಯದಂತೆ ಹಾಸುತ್ತಾರಲ್ಲ, ರಬ್ಬರಿನಂತೆ ಅಂಟುವ ಜಾಲರಿ ಮ್ಯಾಟ್, ಅದರ ದೊಡ್ಡ ಸುರುಳಿ ಸಿಗುತ್ತದೆ. ಮಂಚಕ್ಕಿಂತ ಎಲ್ಲಾ ಕಡೆ ಎರಡು ಬೆರಳು ಕಡಿಮೆ ಇರುವಂತೆ ಕತ್ತರಿಸಿ ಹಲಗೆಯ ಮೇಲೆ ಹಾಸಿ, ಮೆತ್ತೆಯನ್ನು ಅದರ ಮೇಲಿಡಿ. ಜಾಲರಿಯೇ ಆಗಿರಬೇಕು. ತೂತಿಲ್ಲದ ರಬ್ಬರ್ ಶೀಟ್ ಹಾಕಿದರೆ ಗಾಳಿಯಾಡದೆ ಮೆತ್ತೆಯ ಅಡಿಯಲ್ಲಿ ತೇವ ನಿಂತು ಬೂಸು ಹಿಡಿಯುತ್ತದೆ.

ಇನ್ನು ಮೆತ್ತೆ ಮತ್ತು ಚಾದರದ ನಡುವೆ. ಸೋಫಾ ಬಟ್ಟೆ ನುಣ್ಣಗಿರುತ್ತದೆ, ಮೇಲೆ ಪಾಲಿಯೆಸ್ಟರ್ ಬೆಡ್‌ಶೀಟ್ ಹಾಕಿದರೆ ಒಂದರ ಮೇಲೊಂದು ಜಾರದೆ ಇನ್ನೇನು? ನಡುವೆ ಒರಟಾದ ಹತ್ತಿ ಬಟ್ಟೆಯ ಒಂದು ಪದರ ಬೇಕು. ಇಲ್ಲಿನವರು ಟವೆಲ್ ಬಟ್ಟೆಯ ಮ್ಯಾಟ್ರೆಸ್ ಕವರ್ ಹಾಕುತ್ತಾರೆ, ಅದೂ ಒಳ್ಳೆಯದೇ. ನಮ್ಮ ಗಾಡಿಯಲ್ಲಿ ಆ ಜಾಗದಲ್ಲಿರುವುದು ಅವ್ವ ಊರಿಂದ ಸೂಟ್‌ಕೇಸ್‌ನಲ್ಲಿ ತಂದ ಕೌದಿ. ಹಳೆಯ ಸೀರೆ, ಧೋತರದ ತುಂಡುಗಳನ್ನು ಪದರ ಪದರವಾಗಿ ಸೇರಿಸಿ ಕೈಯಲ್ಲಿ ಹೊಲಿದದ್ದು. ಆ ಸಾಲು ಸಾಲು ಹೊಲಿಗೆಯ ಏರಿಳಿತವೇ ಚಾದರವನ್ನು ಹಿಡಿದುಕೊಳ್ಳುತ್ತದೆ, ಮೇಲಾಗಿ ಕೌದಿಗೆ ತನ್ನದೇ ಭಾರವಿದೆ. ಉದ್ದಕ್ಕೆ ಎರಡು ಮಡಿಕೆ ಮಾಡಿದರೆ ನಮ್ಮ 70 ಸೆಂ.ಮೀ. ಮಂಚಕ್ಕೆ ಸರಿಯಾಗಿ ಕೂರುತ್ತದೆ. ನನ್ನ ಅಜ್ಜಿ ಹೊಲಿದ ಕೌದಿ ಅದು. ವೇಲ್ಸ್‌ನ ಮಳೆಯಲ್ಲಿ ಅದರ ಮೇಲೆ ಮಲಗಿದಾಗ ನನಗೆ ಆಗುವ ಸಮಾಧಾನ ಬೇರೆ ಯಾವ ಹಾಸಿಗೆಯಲ್ಲೂ ಆಗಿಲ್ಲ. ಕೌದಿ ಇಲ್ಲದಿದ್ದರೆ ತೆಳುವಾದ ಜಮಖಾನವೂ ಆಗುತ್ತದೆ, ನಮ್ಮ ಕಡೆಯವರ ಮನೆಗಳಲ್ಲಿ ನವಲಗುಂದದ ಜಮಖಾನ ಒಂದಾದರೂ ಇರುತ್ತದೆ, ಅಲ್ವಾ? ಅದು ಗಟ್ಟಿ ನೇಯ್ಗೆ, ಹಾಗಾಗಿ ಮೇಲೆ ದಪ್ಪ ಹತ್ತಿ ಚಾದರ ಹಾಕಿ.

ಚಾದರವನ್ನು ಲಾಡಿ ಹಾಕಿ ಕಟ್ಟಿ

ಕಿರಿದು ಮಂಚದಿಂದ ಒಂದು ಅನುಕೂಲವೂ ಇದೆ, ಇದು ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. ಎಲಾಸ್ಟಿಕ್ ಇಲ್ಲದ ಸಾದಾ ಸಿಂಗಲ್ ಬೆಡ್‌ಶೀಟ್ ಸುಮಾರು 180 ಸೆಂ.ಮೀ. ಅಗಲ ಇರುತ್ತದೆ. ಮೆತ್ತೆ 70 ಅಗಲ, 12 ದಪ್ಪ ಅಂತಿಟ್ಟುಕೊಳ್ಳಿ. ಮೇಲ್ಭಾಗಕ್ಕೆ 70, ಎರಡು ಬದಿಗೆ 24, ಒಟ್ಟು 94 ಹೋಯಿತು. ಇನ್ನೂ 86 ಸೆಂ.ಮೀ. ಉಳಿಯಿತು, ಅಂದರೆ ಎರಡೂ ಅಂಚುಗಳು ಮೆತ್ತೆಯ ಅಡಿಯಲ್ಲಿ ಒಂದನ್ನೊಂದು ದಾಟಿ ಬರುತ್ತವೆ. ಮನೆಯ ದೊಡ್ಡ ಮಂಚದಲ್ಲಿ ಇದು ಸಾಧ್ಯವೇ ಇಲ್ಲ. ಇಲ್ಲಿ ಚಾದರವನ್ನು ಪೊಟ್ಟಣ ಕಟ್ಟಿದಂತೆ ಪೂರ್ತಿ ಸುತ್ತಬಹುದು.

ಪೈಜಾಮದ ಲಾಡಿ ಇರುತ್ತದಲ್ಲ, ಅಂಥ ಹತ್ತಿ ಲಾಡಿಯನ್ನು ಒಂದೊಂದು ಗೇಣು ಉದ್ದಕ್ಕೆ ಕತ್ತರಿಸಿ ಚಾದರದ ಎರಡೂ ಅಂಚಿಗೆ ಎದುರು ಬದುರಾಗಿ ನಾಲ್ಕು ನಾಲ್ಕು ಹೊಲಿಯಿರಿ. ಭುಜ, ಸೊಂಟ, ಮೊಣಕಾಲು, ಪಾದ, ಈ ನಾಲ್ಕು ಕಡೆ ಬಂದರೆ ಸರಿ. ಅಂಚುಗಳು ಒಂದರ ಮೇಲೊಂದು ಬರುವುದರಿಂದ ಒಂದು ಕಡೆಯ ಲಾಡಿಗಳನ್ನು ಅಂಚಿನಿಂದ ಒಂದು ಗೇಣು ಒಳಗೆ ಹೊಲಿಯಬೇಕು, ಇಲ್ಲದಿದ್ದರೆ ಗಂಟು ಸಡಿಲಾಗುತ್ತದೆ. ಮೆತ್ತೆಯ ಮೇಲೆ ಮಡಚಿದ ಕೌದಿ, ಅದರ ಮೇಲೆ ಚಾದರ ಹಾಸಿ, ಎಲ್ಲವನ್ನೂ ಒಟ್ಟಿಗೆ ಮಗುಚಿ ಅಡಿಯಲ್ಲಿ ಲಾಡಿ ಕಟ್ಟಿ ಮತ್ತೆ ಮಗುಚಿ ಇಡಿ. ತಲೆ ಮತ್ತು ಕಾಲಿನ ಕಡೆ ಉಳಿದ ಬಟ್ಟೆಯನ್ನು ಕಾಗದದ ಉಡುಗೊರೆ ಮಡಚಿದ ಹಾಗೆ ಮಡಚಿ ಅಡಿಗೆ ಸೇರಿಸಿ. ಇಷ್ಟು ಮಾಡಿದರೆ ಮೇಲೆ ಮಕ್ಕಳು ಕುಣಿದರೂ ಚಾದರ ಅಲುಗುವುದಿಲ್ಲ.

ಹೊಲಿಗೆ ಮಷಿನ್ ಇದ್ದವರು ಮಂಚದ ಅಳತೆಗೇ ಫಿಟೆಡ್ ಶೀಟ್ ಮಾಡಿಕೊಳ್ಳಬಹುದು. ಲೆಕ್ಕ ಹೀಗೆ: ಮೆತ್ತೆಯ ದಪ್ಪ 12, ಅಡಿಗೆ ಮಡಚಲು 15, ಕೂಡಿದರೆ 27. ಉದ್ದಕ್ಕೂ ಅಗಲಕ್ಕೂ ಎರಡೂ ಕಡೆ ಈ 27 ಸೇರಿಸಿ. 190 × 70 ಮೆತ್ತೆಗೆ 244 × 124 ಸೆಂ.ಮೀ. ಬಟ್ಟೆ ಬೇಕು, ಒಂದು ಸಿಂಗಲ್ ಬೆಡ್‌ಶೀಟ್‌ನಲ್ಲಿ ಆರಾಮಾಗಿ ಬರುತ್ತದೆ. ನಾಲ್ಕೂ ಮೂಲೆಯಲ್ಲಿ 26 ಸೆಂ.ಮೀ. ಚೌಕ ಕತ್ತರಿಸಿ ತೆಗೆಯಿರಿ, ಒಂದು ಸೆಂ.ಮೀ. ಹೊಲಿಗೆಗೆ ಬಿಟ್ಟದ್ದು. ಕತ್ತರಿಸಿದ ಎರಡು ಅಂಚನ್ನು ಸೇರಿಸಿ ಹೊಲಿದರೆ ಡಬ್ಬಿಯಂತೆ ಮೂಲೆ ಬರುತ್ತದೆ. ಆ ಮೂಲೆಯ ಎರಡೂ ಪಕ್ಕ 25-25 ಸೆಂ.ಮೀ. ಬಟ್ಟೆಗೆ ಒಟ್ಟು 30 ಸೆಂ.ಮೀ. ಎಲಾಸ್ಟಿಕ್ ಎಳೆದು ಹಿಡಿದು ಹೊಲಿಯಿರಿ. ಕೌದಿ ಸೇರಿಸಿ ಹಾಕುವುದಾದರೆ ದಪ್ಪವನ್ನು ಕೌದಿಯ ಸಮೇತ ಅಳೆಯಿರಿ. ನಾನು ಮೊದಲನೆಯದನ್ನು ಬರೀ ಮೆತ್ತೆಯ ಅಳತೆಗೆ ಹೊಲಿದು, ಆಮೇಲೆ ಬಿಚ್ಚಿ ಇನ್ನೊಂದು ಸಲ ಹೊಲಿಯಬೇಕಾಯಿತು.

ಬಟ್ಟೆ ಯಾವುದು ಅನ್ನುವುದೂ ಮುಖ್ಯ. ಸ್ಯಾಟಿನ್, ಪಾಲಿಯೆಸ್ಟರ್ ಬೇಡ. ಸಾದಾ ಹತ್ತಿ ಒಳ್ಳೆಯದು. ಚಳಿಗಾಲಕ್ಕಾದರೆ ಮೇಲ್ಮೈ ಸ್ವಲ್ಪ ನವಿರಾಗಿ ಕೂದಲೆದ್ದಂತಿರುವ ಫ್ಲ್ಯಾನೆಲ್ ಬಹಳ ಒಳ್ಳೆಯದು, ಜಾರುವುದೂ ಇಲ್ಲ, ಮುಟ್ಟಿದಾಗ ತಣ್ಣಗೂ ಇರುವುದಿಲ್ಲ. ರಾತ್ರಿ ಹಾಕುವ ಬಟ್ಟೆಯೂ ಹತ್ತಿಯದೇ ಆಗಿರಲಿ. ನೈಲಾನ್ ಟ್ರ್ಯಾಕ್ ಪ್ಯಾಂಟ್ ಹಾಕಿ ಮಲಗಿದರೆ ಹಾಸಿಗೆ ಸರಿಯಾಗಿದ್ದರೂ ಮನುಷ್ಯ ಜಾರುತ್ತಾನೆ.

ಹೊದಿಕೆ ಯಾಕೆ ಬೀಳುತ್ತದೆ?

ಲೆಕ್ಕ ಹಾಕಿ ನೋಡಿ. 135 ಅಗಲದ ಡುವೆ, 70ರ ಮಂಚ. ಒಂದು ಕಡೆ ಗೋಡೆ. ಉಳಿದ 65 ಸೆಂ.ಮೀ. ಪೂರ್ತಿ ತೆರೆದ ಕಡೆಗೇ ಜೋತು ಬೀಳುತ್ತದೆ. ಜೋತುಬಿದ್ದ ಭಾಗದ ಭಾರವೇ ಉಳಿದದ್ದನ್ನು ಎಳೆಯುತ್ತದೆ. ನಾವು ಒಂದು ಸಲ ಮಗ್ಗುಲಾದರೆ ಸಾಕು, ಇಡೀ ಡುವೆ ನೆಲಕ್ಕೆ. ಅವ್ವನಿಗೆ ಆದದ್ದು ಇದೇ.

ಇದಕ್ಕೆ ನಾನು ನಂಬುವ ದಾರಿ ಎರಡು.

ಒಂದು, ಮಲಗಿದವರ ಮೈಭಾರದಿಂದಲೇ ಹೊದಿಕೆಯನ್ನು ಹಿಡಿಸುವುದು. ಸಿಂಗಲ್ ಬದಲು ತೆಳುವಾದ ಡಬಲ್ ಡುವೆ ತಗೊಳ್ಳಿ, ಅದು 200 × 200 ಸೆಂ.ಮೀ. ಇರುತ್ತದೆ. ಅದರ 70 ಸೆಂ.ಮೀ. ಭಾಗವನ್ನು ಚಾದರದ ಮೇಲೆ ಹಾಸಿ, ಗೋಡೆಯ ಕಡೆ ಮಡಿಕೆ ಬರುವಂತೆ ತಿರುಗಿಸಿ, ಉಳಿದ 130 ಭಾಗವನ್ನು ಹೊದೆಯಿರಿ. ಹಾಸಿದ ಭಾಗದ ಮೇಲೆ ನಾವೇ ಮಲಗಿರುವುದರಿಂದ ಅದು ಎಲ್ಲಿಗೂ ಹೋಗುವುದಿಲ್ಲ. ಕೆಳಗಿಂದ ಬರುವ ತಂಡಿಯೂ ತಪ್ಪುತ್ತದೆ. ಚಿಕ್ಕ ಮಕ್ಕಳಿಗೆ ಸಿಂಗಲ್ ಡುವೆಯನ್ನೇ ಹೀಗೆ ಮಡಚಬಹುದು. ಇಲ್ಲಿ ಡುವೆಯ ಬೆಚ್ಚಗಿನ ಅಳತೆಯನ್ನು ಟಾಗ್ ಅನ್ನುತ್ತಾರೆ, ಬೇಸಿಗೆಯದು 4.5, ನಡುವಿನದು 10.5, ಕಡು ಚಳಿಯದು 13.5. ಮಡಚುವುದಕ್ಕೆ 4.5 ಸಾಕು, ದಪ್ಪನೆಯದು ಇಷ್ಟು ಕಿರಿದು ಜಾಗದಲ್ಲಿ ಮಡಚಿದರೆ ಕೂರುವುದಿಲ್ಲ. ಚಳಿ ಜಾಸ್ತಿಯಾದರೆ ಮೇಲೊಂದು ಕಂಬಳಿ ಹಾಕಿ.

ಎರಡನೆಯದು ಬಾಲ. ಡುವೆ ದಪ್ಪ, ಅದನ್ನು ಮೆತ್ತೆಯ ಅಡಿಗೆ ತುರುಕಿದರೆ ನಿಲ್ಲುವುದಿಲ್ಲ, ಮೆತ್ತೆಯೇ ಎದ್ದು ನಿಲ್ಲುತ್ತದೆ. ತೆಳು ಬಟ್ಟೆಯಾದರೆ ನಿಲ್ಲುತ್ತದೆ. ಹಾಗಾಗಿ ಡುವೆ ಕವರಿನ ಕಾಲಿನ ಕಡೆಗೆ 60 ಸೆಂ.ಮೀ. ಉದ್ದದ, ಮಂಚದಷ್ಟೇ ಅಗಲದ ಹಳೆಯ ಹತ್ತಿ ಬಟ್ಟೆಯನ್ನು ಬಾಲದಂತೆ ಹೊಲಿಯಿರಿ. ಕವರಿನ ಗುಂಡಿಗಳು ಸಾಮಾನ್ಯವಾಗಿ ಕಾಲಿನ ಕಡೆಗೇ ಇರುತ್ತವೆ, ಆದ್ದರಿಂದ ಕೆಳಗಿನ ಪದರಕ್ಕೆ ಮಾತ್ರ ಹೊಲಿಯಿರಿ, ಇಲ್ಲದಿದ್ದರೆ ಡುವೆ ಒಳಗೆ ಹಾಕಲು ಬಾಯಿಯೇ ಇರುವುದಿಲ್ಲ. ಬಾಲ ಮೆತ್ತೆಯ ಅಂಚಿನಿಂದ ಇಳಿದು ಅಡಿಯಲ್ಲಿ 40-45 ಸೆಂ.ಮೀ. ಹೋಗಿ ಕೂರುತ್ತದೆ. ಗೋಡೆ ಕಡೆಗೂ ಪಾದದಿಂದ ಸೊಂಟದವರೆಗೆ ಇಂಥದ್ದೇ ಒಂದು ಪಟ್ಟಿ ಹೊಲಿದರೆ ಡುವೆ ಎರಡು ಕಡೆ ಭದ್ರ. ಕವರಿನೊಳಗೆ ಡುವೆ ಮುದ್ದೆಯಾಗುತ್ತಿದ್ದರೆ ನಾಲ್ಕು ಒಳ ಮೂಲೆಗೂ ಒಂದೊಂದು ಲಾಡಿ ಹೊಲಿದು ಡುವೆಯ ಮೂಲೆಗೆ ಕಟ್ಟಿ.

ತೆರೆದ ಕಡೆಯನ್ನು ಮಾತ್ರ ಯಾವತ್ತೂ ಕಟ್ಟಬೇಡಿ, ಪಿನ್ ಹಾಕಬೇಡಿ. ಬೆಂಕಿ, ಹೊಗೆ, ಅಥವಾ ವಯಸ್ಸಾದವರು ರಾತ್ರಿ ಬಾತ್‌ರೂಮಿಗೆ ಏಳುವುದು, ಏನೇ ಇರಲಿ, ಒಂದೇ ಕೈಯಲ್ಲಿ ಹೊದಿಕೆ ಸರಿಸಿ ಕಾಲು ಕೆಳಗಿಡಲು ಆಗಬೇಕು. ಹೊದಿಕೆ ಬಿದ್ದರೂ ಪರವಾಗಿಲ್ಲ, ಮನುಷ್ಯ ಸಿಕ್ಕಿಹಾಕಿಕೊಳ್ಳಬಾರದು.

ದಿಂಬು, ಸಂದು, ತೇವ

75 ಸೆಂ.ಮೀ. ದಿಂಬನ್ನು ಅಡ್ಡ ಇಟ್ಟರೆ ಮಡಚಿಕೊಂಡು ಒಂದು ಕಡೆ ಬೀಳುತ್ತದೆ. ಊರಲ್ಲಿ ಸಿಗುವ 17 × 27 ಇಂಚಿನ ದಿಂಬು ಈ ಮಂಚಕ್ಕೆ ಸರಿಯಾಗುತ್ತದೆ. ದಿಂಬಿನ ಕವರಿಗೂ ಒಂದು ಬಾಲ ಹೊಲಿದು ಮೆತ್ತೆಯ ತಲೆಕಡೆಯಿಂದ ಅಡಿಗೆ ಸಿಕ್ಕಿಸಿದರೆ ಬೆಳಗಿನವರೆಗೂ ಅಲ್ಲೇ ಇರುತ್ತದೆ.

ಗೋಡೆ ಮತ್ತು ಮೆತ್ತೆಯ ನಡುವಿನ ಸಂದಿಗೆ ಹೊದಿಕೆ ಇಳಿಯುತ್ತದೆ ಅಂತ ಅಲ್ಲಿ ಬಟ್ಟೆ ತುರುಕುವವರಿದ್ದಾರೆ. ದಯವಿಟ್ಟು ಬೇಡ. ಮುಚ್ಚಿದ ಪುಟ್ಟ ಗಾಡಿಯಲ್ಲಿ ನಾಲ್ಕು ಜನ ರಾತ್ರಿಯಿಡೀ ಉಸಿರಾಡಿದರೆ ಆ ಉಸಿರಿನ ನೀರೆಲ್ಲಾ ತಣ್ಣನೆಯ ಗೋಡೆಗೆ ಹನಿಯಾಗಿ ಕೂರುತ್ತದೆ, ಅಲ್ಲಿ ತುರುಕಿದ ಬಟ್ಟೆ ಬೆಳಗ್ಗೆ ಹಿಂಡುವಷ್ಟು ಒದ್ದೆಯಾಗಿರುತ್ತದೆ. ಗೋಡೆ ಕಡೆಗೆ ಡುವೆಯ ಮಡಿಕೆಯನ್ನು ಮೆತ್ತೆಯ ಅಂಚಿನಿಂದ ಎರಡು ಬೆರಳು ಒಳಗೇ ಇಡಿ. ಮೇಲಿನ ಕಿಟಕಿಯನ್ನು ಸ್ವಲ್ಪ ತೆರೆದಿಡಿ. ಬಿಸಿಗಾಳಿ ಬರುವ ತೂತು, ನೆಲದಲ್ಲಿರುವ ಗಾಳಿಕಿಂಡಿ ಇವುಗಳ ಮೇಲೆ ಹಾಸಿಗೆ ಬೀಳದಂತೆ ನೋಡಿಕೊಳ್ಳಿ. ತಂಡಿ ಬರುತ್ತದೆ ಅಂತ ಗಾಳಿಕಿಂಡಿಗೆ ಬಟ್ಟೆ ಅಡ್ಡ ಇಡುವುದು ಪ್ರಾಣಕ್ಕೇ ಅಪಾಯ. ಗ್ಯಾಸ್ ಉರಿಯುವ ಜಾಗದಲ್ಲಿ ಗಾಳಿ ಆಡಲೇಬೇಕು.

ಮಕ್ಕಳ ಬಂಕ್

ಮಕ್ಕಳು ಈಜುಕೊಳದಲ್ಲಿ ಹಿಡಿದು ತೇಲುವ ಉದ್ದನೆಯ ಫೋಮ್ ಕೊಳವೆ ಇದೆಯಲ್ಲ, ಇಲ್ಲಿ ಅದಕ್ಕೆ ನೂಡಲ್ ಅಂತಲೇ ಹೆಸರು, ಅದನ್ನು ತೆರೆದ ಕಡೆಯ ಅಂಚಿನಲ್ಲಿ ಚಾದರದ ಅಡಿಗೆ ಇಟ್ಟು ಲಾಡಿ ಬಿಗಿಯಿರಿ. ಪುಟ್ಟ ಬದುವಿನಂತೆ ಆಗುತ್ತದೆ, ಹೊದಿಕೆಯೂ ನಿಲ್ಲುತ್ತದೆ. ಆದರೆ ಇದು ಕೆಳಗಿನ ಬಂಕ್‌ಗೆ ಮಾತ್ರ. ಮೇಲಿನ ಬಂಕ್‌ಗೆ ಕಟಕಟೆಯೇ ಬೇಕು, ಮೆತ್ತೆಯನ್ನು ಕೌದಿ ಹಾಕಿ ಎತ್ತರಿಸಿದರೆ ಕಟಕಟೆ ಗಿಡ್ಡವಾಗುತ್ತದೆ, ಅಲ್ಲಿ ತೆಳು ಹಾಸಿಗೆಯೇ ಸರಿ. ಆರು ವರ್ಷಕ್ಕಿಂತ ಚಿಕ್ಕವರನ್ನು ಮೇಲೆ ಮಲಗಿಸಬೇಡಿ. ಒಂದು ವರ್ಷ ತುಂಬದ ಕೂಸಿಗೆ ಡುವೆ, ದಿಂಬು ಎರಡೂ ಬೇಡ, ಅದರದೇ ಪುಟ್ಟ ಮಡಚುವ ತೊಟ್ಟಿಲು ಒಯ್ಯಿರಿ.

ಬಾಡಿಗೆಯವರಿಗೆ

ಬೇರೆಯವರ ಮೆತ್ತೆಯ ಅಳತೆಗೆ ಹೊಲಿಯುತ್ತಾ ಕೂರಲು ಆಗುವುದಿಲ್ಲ. ಅಂಥವರು ಜಾಲರಿ ಮ್ಯಾಟ್, ದೊಡ್ಡ ಸಾದಾ ಹತ್ತಿ ಬೆಡ್‌ಶೀಟ್, ಮೂಲೆಗೆ ಹಾಕುವ ಕ್ಲಿಪ್ ಇರುವ ಎಲಾಸ್ಟಿಕ್ ಪಟ್ಟಿಗಳು, ತೆಳುವಾದ ಡಬಲ್ ಡುವೆ ಇಷ್ಟು ಒಯ್ದರೆ ಸಾಕು. ಎಲಾಸ್ಟಿಕ್ ಪಟ್ಟಿಯನ್ನು ಮೂಲೆಗೆ ಹಾಕುವ ಬದಲು ಮೆತ್ತೆಯ ಅಡಿಯಲ್ಲಿ ಅಡ್ಡಡ್ಡ ಹಾಕಿ, ಈ ಕಡೆಯ ಅಂಚಿನಿಂದ ಆ ಕಡೆಯ ಅಂಚಿಗೆ. ಲಾಡಿಯ ಕೆಲಸವನ್ನೇ ಅದು ಮಾಡುತ್ತದೆ.

ಬೆಳಗ್ಗೆ ಎದ್ದ ಮೇಲೆ

ಮಂಚವನ್ನು ಮತ್ತೆ ಸೋಫಾ ಮಾಡಬೇಕು ಅಂದಾಗ ಎಲ್ಲವನ್ನೂ ಬಿಚ್ಚಿ ಬೇರೆ ಬೇರೆ ಮಡಚಿದರೆ ರಾತ್ರಿ ಮತ್ತೆ ಅರ್ಧ ಗಂಟೆಯ ಕೆಲಸ. ಮೊದಲು ಹೊದಿಕೆ ಸರಿಸಿ ಅರ್ಧ ಗಂಟೆ ಗಾಳಿಗೆ ಬಿಡಿ, ಮೆತ್ತೆಯನ್ನು ಒಂದು ಕಡೆ ಎತ್ತಿ ಗೋಡೆಗೆ ಒರಗಿಸಿ, ಅಡಿಯ ಹಲಗೆಯನ್ನು ಒಣ ಬಟ್ಟೆಯಿಂದ ಒರೆಸಿ. ಚಹಾ ಕುಡಿಯುವಷ್ಟರಲ್ಲಿ ಆರುತ್ತದೆ.

ಆಮೇಲೆ ಲಾಡಿ ಬಿಚ್ಚಿ ಕೌದಿ, ಚಾದರ, ಡುವೆ ಮೂರನ್ನೂ ಅದೇ ಕ್ರಮದಲ್ಲಿ, ಒಂದರ ಮೇಲೊಂದು ಇದ್ದ ಹಾಗೆಯೇ, ಕಾಲಿನ ಕಡೆಯಿಂದ ಬಿಗಿಯಾಗಿ ಸುರುಳಿ ಸುತ್ತಿ. ತಲೆಯ ಕಡೆಗೆ ಬಂದಾಗ ದಿಂಬನ್ನೂ ಒಳಗೆ ಸೇರಿಸಿ ಅದೇ ಲಾಡಿಯಿಂದ ಕಟ್ಟಿ. ರಾತ್ರಿ ಮಂಚದ ತಲೆಕಡೆ ಇಟ್ಟು ಕಾಲಿನ ಕಡೆಗೆ ಉರುಳಿಸಿದರೆ ಹಾಸಿಗೆ ಅರ್ಧ ಸಿದ್ಧವಾದಂತೆ. ಇದನ್ನು ಕಲಿಸಿದ್ದೂ ಅವ್ವನೇ. "ನಿಮ್ಮಪ್ಪಾರು ರೈಲಿಗೆ ಹೊಂಟ್ರ ಹೋಲ್ಡಾಲ್ ಹಿಂಗ ಸುತ್ತತಿದ್ರು" ಅನ್ನುತ್ತಾ ಮೊಣಕಾಲಿನಿಂದ ಒತ್ತಿ ಒತ್ತಿ ಸುತ್ತಿ ತೋರಿಸಿದಳು. ಹೋಲ್ಡಾಲ್ ಅಂದರೆ ಪ್ರಯಾಣಕ್ಕೆ ಹಾಸಿಗೆ ಸುತ್ತಿ ಒಯ್ಯುವ ಚೀಲ.

ಪ್ರಯಾಣ ಹೊರಡುವಾಗ ಈ ಸುರುಳಿಗಳನ್ನು ಮೇಲಿನ ಕಪಾಟಿನಲ್ಲಿ ಇಡಬಹುದು, ಅವು ಹಗುರ. ಕೌದಿ ಮಾತ್ರ ಬೇರೆ. ಅದು ಭಾರ, ಅದನ್ನು ಸುರುಳಿಯಿಂದ ತೆಗೆದು ಮಂಚದ ಅಡಿಯ ಪೆಟ್ಟಿಗೆಯಲ್ಲಿ, ಆದಷ್ಟು ಚಕ್ರದ ಹತ್ತಿರ, ಕೆಳಗಿಡಿ.